ಒಂದು ಸಿಲಿಂಡರಿಗೆ 81 ಗ್ರಾಂ

"ಎಷ್ಟು ಸಿಸಿ ಆತ್ರಿ?"

ನನ್ನ ಮಾರುತಿ ಜಿಪ್ಸಿ ಎಂಜಿನ್ ಬಿಚ್ಚಿ ಕಟ್ಟಿದ್ದು ಗೊತ್ತಾದವರೆಲ್ಲ ಮೊದಲು ಕೇಳುವುದು ಇದನ್ನೇ. 1298 ಇದ್ದದ್ದು 1386 ಆಯ್ತು ಅಂದ ಕೂಡಲೇ ಅವರ ಮುಖ ಇಳಿದುಹೋಗುತ್ತದೆ. ಇಷ್ಟೇನಾ? ಇಷ್ಟಕ್ಕೆ ಇಷ್ಟೊಂದು ದುಡ್ಡು, ಇಷ್ಟೊಂದು ತಲೆಬಿಸಿನಾ? ಹಳೇ ಬಲೆನೋದ 1.6 ಎಂಜಿನ್ ಎತ್ತಿ ತಂದು ಕೂರಿಸಿದ್ದರೆ ಒಂದೇ ಏಟಿಗೆ 1590 ಆಗ್ತಿತ್ತಲ್ಲ ಅಂತ ಬುದ್ಧಿ ಹೇಳಿದವರೂ ಇದ್ದಾರೆ. ಅವರ ಲೆಕ್ಕ ತಪ್ಪಲ್ಲ. ದೇಶದಲ್ಲಿ ಎಷ್ಟೋ ಜಿಪ್ಸಿಗಳಿಗೆ ಆ ಎಂಜಿನ್ ಕೂತಿದೆ, ಚೆನ್ನಾಗಿಯೇ ಓಡುತ್ತಿದೆ. ಆದರೆ ನಾನು ಹೊರಟಿದ್ದು ಸಿಸಿ ಹಿಂದೆ ಅಲ್ಲ. ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಅದರ ಜೊತೆ ಓಡುವ ತೂಕವನ್ನು ಇಳಿಸಬೇಕಿತ್ತು. ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) ಹೆಚ್ಚಿಸಿದ್ದಕ್ಕೂ ತೂಕ ಇಳಿಸಿದ್ದಕ್ಕೂ ನೇರ ಸಂಬಂಧ ಇದೆ. ಅದನ್ನೇ ಬರೆಯೋಣ ಅಂತ ಕೂತೆ.

ಮೊದಲು ಗಾಡಿಯ ವಿಷಯ. ನನ್ನದು ಕಲಬುರಗಿಯ ಕಪನೂರಿನಲ್ಲಿ ತೊಗರಿ ಬೇಳೆ ಮಿಲ್. ಮಳೆಗಾಲದಲ್ಲಿ ಮಾಲು ಕಮ್ಮಿ, ಕೈಯಲ್ಲಿ ಸಮಯ ಜಾಸ್ತಿ. ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಒಂದು ಜಿಪ್ಸಿ ಕಿಂಗ್ ಇದೆ, 16 ವಾಲ್ವಿನ, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಬಿಡುವ ಎಂಪಿಎಫ್‌ಐ ಎಂಜಿನ್, ಕಂಪನಿ ಲೆಕ್ಕದಲ್ಲಿ 80 ಕುದುರೆ ಶಕ್ತಿ. ಇದು ರಸ್ತೆಗೆ ಇಳಿಯುವ ಗಾಡಿ ಅಲ್ಲ. ಆರ್‌ಸಿಯಲ್ಲಿ ಬರೆದಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಅದಕ್ಕೇ ಟ್ರಾಲಿ ಮೇಲೆ ಹೇರಿಕೊಂಡು ಹೋಗಿ, ಶಹಾಬಾದ್ ಕಡೆ ನಮ್ಮ ಭಾವನವರ ಹಳೇ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಗಣಿಯಲ್ಲಿ ಇಳಿಸುತ್ತೇವೆ. ಕಲ್ಲು ತೆಗೆದು ಬಿಟ್ಟ ಗಣಿ ಅದು. ಪದರ ಪದರವಾದ ಕಲ್ಲು, ನಡುವೆ ಒಡೆದು ಬಿಸಾಡಿದ ಚೂರುಗಳ ಗುಡ್ಡೆ, ಲಾರಿ ಓಡಾಡಲು ಮಾಡಿದ ಏರು. ಆ ಏರು ಹತ್ತುವುದೇ ನಮ್ಮ ಆಟ.

ಆಟದಲ್ಲಿ ಎಂಜಿನ್ ಸಾಯುವ ಜಾಗ ಒಂದಿದೆ. ಚಕ್ರ ಗಟ್ಟಿ ಕಲ್ಲು ಹಿಡಿದು ಎಳೆಯುವಾಗ ಎಂಜಿನ್ನಿಗೆ ಕಷ್ಟ ಅನ್ನಿಸುತ್ತದೆ, ಸದ್ದೂ ಹಾಗೇ ಬರುತ್ತದೆ. ಆದರೆ ಅಲ್ಲಿ ಏನೂ ಮುರಿಯುವುದಿಲ್ಲ. ಫರ್ಸಿ ಚೂರು ಚಕ್ರದ ಕೆಳಗಿಂದ ಜಾರಿತು ನೋಡಿ, ಒಮ್ಮೆಲೇ ಭಾರ ಹೋಗಿ ಆರ್‌ಪಿಎಂ ಮೂರೂವರೆ ಸಾವಿರದಿಂದ ಕೆಂಪು ಗೆರೆಗೆ ಹಾರುತ್ತದೆ. ಕಾಲು ಎತ್ತುವಷ್ಟರಲ್ಲಿ ಗೆರೆ ದಾಟಿರುತ್ತದೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸುತ್ತದೆ, ಸರಿ. ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ, ಅಂದರೆ ಕೆಳಗೆ ತಿರುಗುವ ದಂಡಕ್ಕೆ, ಜೋಡಿಸುವ ರಾಡ್ ಮುರಿಯುವ ಅಪಾಯ ಇರುವುದೂ ಆಗಲೇ. ಸಿಲಿಂಡರಿನಲ್ಲಿ ಬೆಂಕಿ ಇದ್ದಾಗ ಪಿಸ್ಟನ್ ಮೇಲೆ ಒತ್ತಡ ಇರುತ್ತದೆ, ರಾಡ್ ಒತ್ತಿಸಿಕೊಳ್ಳುತ್ತದೆ. ಒತ್ತುವುದನ್ನು ರಾಡ್ ಆರಾಮಾಗಿ ತಡೆಯುತ್ತದೆ. ಹೊಗೆ ಹೊರಗೆ ತಳ್ಳಿ ಪಿಸ್ಟನ್ ಮೇಲೆ ತಲುಪುವಾಗ ಅದನ್ನು ತಡೆಯುವ ಒತ್ತಡ ಏನೂ ಇರುವುದಿಲ್ಲ. ಆಗ ಹಾರಿಹೋಗಲು ಹೊರಟ ಪಿಸ್ಟನ್ನನ್ನು ಹಿಡಿದು ಕೆಳಗೆ ಎಳೆಯಬೇಕಾದದ್ದು ರಾಡು ಮತ್ತು ಅದರ ಎರಡು ಬೋಲ್ಟು ಮಾತ್ರ. ಈ ಎಳೆತ ಆರ್‌ಪಿಎಂ ಜೊತೆ ನೇರವಾಗಿ ಏರುವುದಿಲ್ಲ, ಅದರ ವರ್ಗದಷ್ಟು ಏರುತ್ತದೆ. 6500 ರಿಂದ 7500ಕ್ಕೆ ಹಾರಿದರೆ ವೇಗ ಶೇ 15 ಹೆಚ್ಚು, ಎಳೆತ ಶೇ 33 ಹೆಚ್ಚು.

ಈಗ ಸ್ಟ್ರೋಕ್ ಯಾಕೆ ಬೇಕಾಯ್ತು ಅನ್ನುವುದು. ಏರಿನಲ್ಲಿ ಕಮ್ಮಿ ಆರ್‌ಪಿಎಂನಲ್ಲೇ ಎಳೆಯುವ ಎಂಜಿನ್ ಇದ್ದರೆ ಚಕ್ರ ಜಾರುವುದೇ ಕಮ್ಮಿ. 1.3 ಜಿಪ್ಸಿ ಕೆಳಗಿನ ಆರ್‌ಪಿಎಂನಲ್ಲಿ ಮಲಗಿರುತ್ತದೆ, ಎಬ್ಬಿಸಬೇಕಾದರೆ ತುಳಿಯಬೇಕು. ತುಳಿದರೆ ಚಕ್ರ ಜಾರುತ್ತದೆ. ಸ್ವಲ್ಪ ಉದ್ದ ಸ್ಟ್ರೋಕ್ ಬೇಕಿತ್ತು, ಬ್ಲಾಕ್ ಮಾತ್ರ ಅದೇ ಇರಬೇಕಿತ್ತು.

ಈ ಎಂಜಿನ್ನಿನ ಬೋರ್ (ಸಿಲಿಂಡರಿನ ವ್ಯಾಸ) 74 ಮಿಮೀ, ಸ್ಟ್ರೋಕ್ 75.5 ಮಿಮೀ. ಕ್ರ್ಯಾಂಕಿನ ರಾಡ್ ಪಿನ್ (ರಾಡ್ ಕೂರುವ ಭಾಗ) 42 ಮಿಮೀ, ಮೇನ್ ಜರ್ನಲ್ (ಬ್ಲಾಕಿನಲ್ಲಿ ಕೂತು ತಿರುಗುವ ಭಾಗ) 45 ಮಿಮೀ. ಹೊಸ ಕ್ರ್ಯಾಂಕ್ ಕಡೆಸುವ ಶಕ್ತಿ ನನಗಿಲ್ಲ. ಹಾಗಾಗಿ ಹಳೇ ಉಪಾಯ: ಆಫ್‌ಸೆಟ್ ಗ್ರೈಂಡಿಂಗ್. ಪಿನ್ನಿನ ಹೊರಗಿನ ಅಂಚನ್ನು ಮುಟ್ಟದೆ ಒಳಗಿನ ಬದಿಯಿಂದಷ್ಟೇ ಅರೆಯುತ್ತಾ ಬಂದರೆ ಪಿನ್ ಸಣ್ಣದಾಗುತ್ತದೆ, ಅದರ ಕೇಂದ್ರ ಹೊರಗೆ ಸರಿಯುತ್ತದೆ. 42 ಇದ್ದದ್ದು 38 ಆದರೆ ಕೇಂದ್ರ 2 ಮಿಮೀ ಹೊರಗೆ ಹೋಗುತ್ತದೆ. ಮೇಲೆ ಎರಡು, ಕೆಳಗೆ ಎರಡು, ಒಟ್ಟು ಸ್ಟ್ರೋಕ್ 4 ಮಿಮೀ ಹೆಚ್ಚಿ 79.5 ಆಗುತ್ತದೆ. ಬೋರ್ ಅರ್ಧ ಮಿಮೀ ದೊಡ್ಡದು ಮಾಡಿ 74.5 ಇಟ್ಟೆ, ಹೇಗೂ ಸವೆದಿತ್ತು. ಅಲ್ಲಿಗೆ 1386 ಸಿಸಿ.

ಇದರಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಲೆಕ್ಕ ಇದೆ. ಸ್ಟ್ರೋಕ್ ಹೆಚ್ಚಿಸಿದವರೆಲ್ಲ ಹೆದರುವುದು ರಾಡಿನ ಭುಜ ಬ್ಲಾಕಿನ ಕೆಳ ಅಂಚಿಗೆ ಬಡಿಯುತ್ತದೆ ಅಂತ. ಬ್ಲಾಕಿಗೆ ಗ್ರೈಂಡರ್ ಹಿಡಿದು ಕಚ್ಚು ಹಾಕುತ್ತಾರೆ. ಇಲ್ಲಿ ಪಿನ್ನಿನ ಕೇಂದ್ರ 2 ಮಿಮೀ ಹೊರಗೆ ಹೋಯಿತು, ಆದರೆ ಬಿಗ್ ಎಂಡಿನ (ರಾಡಿನ ಕೆಳಗಿನ ತುದಿಯ) ಅರ್ಧವ್ಯಾಸವೂ 2 ಮಿಮೀ ಕಮ್ಮಿಯಾಯಿತು. ರಾಡ್ ಸುತ್ತುವ ಹೊರಗಿನ ಗೆರೆ ಹೆಚ್ಚುಕಮ್ಮಿ ಮೊದಲಿದ್ದಲ್ಲೇ ಉಳಿಯಿತು. ಬ್ಲಾಕಿಗೆ ಗ್ರೈಂಡರ್ ತಾಗಿಸಲೇ ಇಲ್ಲ.

ಆದರೆ ಪುಕ್ಕಟೆ ಏನೂ ಸಿಗುವುದಿಲ್ಲ ಅಲ್ವಾ. ಕ್ರ್ಯಾಂಕನ್ನು ಒಂದು ತುದಿಯಿಂದ ನೋಡಿ. ಮೇನ್ ಜರ್ನಲಿನ ವೃತ್ತ, ರಾಡ್ ಪಿನ್ನಿನ ವೃತ್ತ, ಎರಡು ನಾಣ್ಯ ಒಂದರ ಮೇಲೊಂದು ಸ್ವಲ್ಪ ಸರಿಸಿ ಇಟ್ಟ ಹಾಗೆ ಕಾಣುತ್ತವೆ. ಒಂದರ ಮೇಲೊಂದು ಬಿದ್ದಿರುವ ಆ ಭಾಗಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ಕ್ರ್ಯಾಂಕಿನ ಗಟ್ಟಿತನ ಬಹಳಷ್ಟು ಅಲ್ಲೇ ಇದೆ. ಮೊದಲು ಅದು 5.75 ಮಿಮೀ ಇತ್ತು. ಅರೆದ ಮೇಲೆ 1.75. ಅಂದರೆ ನಾಲ್ಕು ಮಿಮೀ ಸ್ಟ್ರೋಕಿಗೆ ನಾಲ್ಕು ಮಿಮೀ ಓವರ್‌ಲ್ಯಾಪ್ ಕೊಟ್ಟೆ. ಇಂಥ ಕ್ರ್ಯಾಂಕಿಗೆ ಹಳೇ ತೂಕದ ಪಿಸ್ಟನ್ ನೇತುಹಾಕಿ ಗಣಿಯಲ್ಲಿ 7000 ಆರ್‌ಪಿಎಂಗೆ ಹಾರಿಸುವುದು ಸರಿಯಲ್ಲ. ಕ್ರ್ಯಾಂಕ್ ಕಳೆದುಕೊಂಡದ್ದನ್ನು ಪಿಸ್ಟನ್ನು ರಾಡು ತುಂಬಿಕೊಡಬೇಕು. ಹಗುರ ಮಾಡಿದ್ದು ಷೋಕಿಗಲ್ಲ.

ನಾನು ಲೆಕ್ಕ ಹಾಕಿದ್ದು ಹೀಗೆ. 6500 ಆರ್‌ಪಿಎಂನಲ್ಲಿ, 75.5 ಸ್ಟ್ರೋಕ್ ಮತ್ತು 120 ಮಿಮೀ ರಾಡ್ ಇರುವಾಗ, ತುದಿಯಲ್ಲಿ ಪಿಸ್ಟನ್ನಿನ ವೇಗ ಬದಲಾಗುವ ದರ ಗುರುತ್ವದ ಸುಮಾರು 2,340 ಪಟ್ಟು. ಅಂದರೆ ಅಲ್ಲಿ ಒಂದು ಗ್ರಾಂ ಪಿಸ್ಟನ್ ಎರಡೂಕಾಲು ಕಿಲೋ ಮೀರಿ ಎಳೆಯುತ್ತದೆ. ಕಂಪನಿ ಪಿಸ್ಟನ್, ಅದನ್ನು ರಾಡಿಗೆ ಸೇರಿಸುವ ಗಜನ್ ಪಿನ್, ರಿಂಗ್, ರಾಡಿನ ಮೇಲಿನ ತುದಿ ಎಲ್ಲ ಸೇರಿ ನನ್ನ ತಕ್ಕಡಿಯಲ್ಲಿ 462 ಗ್ರಾಂ ಬಂತು. ಎಳೆತ ಸುಮಾರು 1,080 ಕಿಲೋ. ಅದೇ ಭಾಗಗಳನ್ನು 79.5 ಸ್ಟ್ರೋಕಿಗೆ ಹಾಕಿದರೆ 1,150 ದಾಟುತ್ತದೆ. ದುರ್ಬಲವಾದ ಕ್ರ್ಯಾಂಕಿಗೆ ಇನ್ನೂ ಜಾಸ್ತಿ ಹೊರೆ. ಹೊಸ ಭಾಗಗಳ ಜೊತೆ ಒಟ್ಟು 381 ಗ್ರಾಂ. ಸ್ಟ್ರೋಕ್ ಉದ್ದವಾದರೂ ಎಳೆತ 950 ಕಿಲೋ ಒಳಗೆ ಬಂತು. ಒಂದು ಸಿಲಿಂಡರಿಗೆ 81 ಗ್ರಾಂ ಇಳಿದದ್ದರ ಫಲ ಅದು.

ಆ 81 ಗ್ರಾಂ ಎಲ್ಲಿಂದ ಇಳಿಯಿತು ಅಂತ ಹೇಳುತ್ತೇನೆ. ಪಿಸ್ಟನ್ನಿನಲ್ಲೇ ಅರ್ಧಕ್ಕಿಂತ ಹೆಚ್ಚು. ಬ್ಲಾಕಿನ ಎತ್ತರ ಬದಲಾಗುವುದಿಲ್ಲ. ಕ್ರ್ಯಾಂಕಿನ ಪಿನ್ 2 ಮಿಮೀ ಮೇಲೆ ಬಂತು, ರಾಡನ್ನು 123 ಮಿಮೀ ಮಾಡಿಸಿದೆ, ಅದು ಇನ್ನೊಂದು 3. ಒಟ್ಟು 5 ಮಿಮೀ ಪಿಸ್ಟನ್ನಿನಿಂದ ಹೋಗಬೇಕು. ಅಂದರೆ ಗಜನ್ ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ 5 ಮಿಮೀ ಗಿಡ್ಡ. ಗಿಡ್ಡ ಪಿಸ್ಟನ್ ತಾನಾಗಿಯೇ ಹಗುರ. ಸ್ಕರ್ಟನ್ನೂ (ಪಿಸ್ಟನ್ನಿನ ಕೆಳಗಿನ ಗೋಡೆ) ಎರಡು ಬದಿಗೆ ಮಾತ್ರ ಬಿಟ್ಟು ಉಳಿದ ಕಡೆ ಕತ್ತರಿಸಿದ್ದಾರೆ. ಹಳೆಯದು 250 ಗ್ರಾಂ, ಹೊಸದು 204. ಸ್ಕರ್ಟಿನ ಕಡೆಯ ಪಿನ್ ಆಧಾರಗಳು ಹತ್ತಿರ ಬಂದದ್ದರಿಂದ ಗಜನ್ ಪಿನ್ 10 ಮಿಮೀ ಗಿಡ್ಡವಾಯಿತು, ಅಲ್ಲಿ 10 ಗ್ರಾಂ. ಪಿನ್ನಿನ ಗೋಡೆಯನ್ನು ತೆಳು ಮಾಡಿಸಲಿಲ್ಲ. ತೆಳು ಮಾಡಿದರೆ ಇನ್ನೂ ಏಳೆಂಟು ಗ್ರಾಂ ಹೋಗುತ್ತಿತ್ತು. ಆದರೆ ಪಿನ್ ಬಾಗಿದರೆ ಪಿಸ್ಟನ್ ಒಳಗಿನಿಂದ ಬಿರುಕು ಬಿಡುತ್ತದೆ. ಅಲ್ಲಿ ಗ್ರಾಂ ಲೆಕ್ಕ ಹಾಕಬಾರದು.

ರಾಡನ್ನು ಇನ್ನೂ ಉದ್ದ ಮಾಡಬಹುದಿತ್ತಲ್ಲ ಅಂತ ಒಬ್ಬರು ಕೇಳಿದರು. ಮಾಡಬಹುದಿತ್ತು. ರಾಡಿನ ಉದ್ದವನ್ನು ಸ್ಟ್ರೋಕಿನಿಂದ ಭಾಗಿಸಿದರೆ ಕಂಪನಿ ಎಂಜಿನ್ನಿನಲ್ಲಿ 1.59 ಬರುತ್ತದೆ. ಹಳೇ ರಾಡನ್ನೇ ಇಟ್ಟಿದ್ದರೆ 1.51ಕ್ಕೆ ಬೀಳುತ್ತಿತ್ತು. ಈಗ 1.55. ಈ ಸಂಖ್ಯೆ ಕಮ್ಮಿಯಾದಷ್ಟೂ ರಾಡ್ ಓರೆಯಾಗಿ ಪಿಸ್ಟನ್ನನ್ನು ಗೋಡೆಗೆ ಒತ್ತುತ್ತದೆ. ಆದರೆ ಇದನ್ನೇ ಹಿಡಿದು ಜಗಳ ಆಡುವವರ ಜೊತೆ ನಾನಿಲ್ಲ. ರಾಡನ್ನು ಇನ್ನೂ 4 ಮಿಮೀ ಉದ್ದ ಮಾಡಿದರೆ ರಿಂಗುಗಳಿಗೆ ಜಾಗ ಸಾಲುವುದಿಲ್ಲ, ಎಣ್ಣೆ ರಿಂಗ್ ಕೂರುವ ತೋಡು ಗಜನ್ ಪಿನ್ನಿನ ತೂತಿಗೆ ಬಂದು ಕೂರುತ್ತದೆ. ಹೊಗೆ ಬಿಡುವ ಎಂಜಿನ್ ಕಟ್ಟಿ 1.6 ಅನುಪಾತ ಇಟ್ಟೆ ಅಂತ ಹೇಳಿಕೊಳ್ಳುವುದರಲ್ಲಿ ಏನಿದೆ?

ಪಿಸ್ಟನ್ನಿನ ಲೋಹದ ಬಗ್ಗೆಯೂ ಒಂದು ಮಾತು. ಫೋರ್ಜ್ ಮಾಡಿದ ಪಿಸ್ಟನ್ ಅಂದರೆ ಸಾಮಾನ್ಯವಾಗಿ ಎರಡು ಬಗೆ, 2618 ಮತ್ತು 4032. ಮೊದಲನೆಯದರಲ್ಲಿ ಸಿಲಿಕಾನ್ ಇಲ್ಲ ಅನ್ನುವಷ್ಟು ಕಮ್ಮಿ. ಏಟು ತಡೆಯುತ್ತದೆ, ಟರ್ಬೊ ಹಾಕುವವರು ಅದನ್ನೇ ಕೇಳುತ್ತಾರೆ. ಆದರೆ ಬಿಸಿಯಾದಾಗ ಜಾಸ್ತಿ ಹಿಗ್ಗುತ್ತದೆ, ಹಾಗಾಗಿ ಬೋರಿನಲ್ಲಿ ಸಡಿಲ ಬಿಡಬೇಕು. ತಣ್ಣಗಿರುವಾಗ ಟಕಟಕ ಅನ್ನುತ್ತದೆ. 4032ರಲ್ಲಿ ಸಿಲಿಕಾನ್ ಸುಮಾರು ಶೇ 12. ಕಮ್ಮಿ ಹಿಗ್ಗುತ್ತದೆ, ಬಿಗಿಯಾಗಿ ಕೂರಿಸಬಹುದು. ನನ್ನದು ಟರ್ಬೊ ಇಲ್ಲದ ಎಂಜಿನ್. 4032 ಸಾಕು ಅಂದೆ. ಪಿಸ್ಟನ್ ಕಳಿಸಿದವರು ಹೇಳಿದ ಅಂತರವನ್ನೇ ಇಟ್ಟು ಬೋರ್ ಹೋನ್ ಮಾಡಿಸಿದೆ, ಅಂದರೆ ಒಳಮೈಯನ್ನು ನುಣ್ಣಗೆ ಉಜ್ಜಿಸಿ ಅಳತೆಗೆ ತಂದೆ. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಮಾಡಿಸಬೇಡಿ. ಪ್ರತಿ ಪಿಸ್ಟನ್ನನ್ನು ಅಳೆದು, ಅದರದೇ ಸಿಲಿಂಡರ್ ಹೋನ್ ಮಾಡಿಸಬೇಕು.

ರಾಡು 4340 ಉಕ್ಕಿನದು. ನಮ್ಮ ಕಡೆ ಖರಾದಿಗಳಿಗೆ ಆ ಹೆಸರು ಹೇಳಿದರೆ ಗೊತ್ತಾಗುವುದಿಲ್ಲ, ಇಎನ್ 24 ಅಂದರೆ ತಕ್ಷಣ ತಲೆ ಆಡಿಸುತ್ತಾರೆ. ಎರಡೂ ಹೆಚ್ಚುಕಮ್ಮಿ ಒಂದೇ. "ಇಎನ್ 24 ನಮ್ಮತ್ರಾನೇ ಅದ, ನಾನೇ ಮಾಡಿಕೊಡ್ತೀನಿ ತಗೊರಿ" ಅಂತ ನಮ್ಮ ಉಸ್ತಾದ್ ಮುಂದೆ ಬಂದರು. ಒಳ್ಳೆ ಕೈ ಅವರದು, ಮಿಲ್ಲಿನ ಎಲ್ಲ ಶಾಫ್ಟುಗಳನ್ನೂ ಅವರೇ ಮಾಡುವುದು. ಆದರೆ ದಿಂಡಿನಿಂದ ಕೊರೆದು ತೆಗೆದ ರಾಡು ಬೇರೆ, ಬಡಿದು ಆಕಾರಕ್ಕೆ ತಂದು, ಹದ ಹಾಕಿ, ಮೇಲ್ಮೈಗೆ ಶಾಟ್ ಪೀನಿಂಗ್ ಮಾಡಿದ (ಸಣ್ಣ ಗುಂಡು ಸಿಡಿಸಿ ಗಟ್ಟಿ ಮಾಡಿದ) ರಾಡು ಬೇರೆ. ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು, ಆದರೂ ತೂಕದ ಜಿಗ್ ಮಾಡಿಕೊಟ್ಟಿದ್ದು ಅವರೇ.

ಆ ಜಿಗ್ ಬಗ್ಗೆ ಹೇಳಲೇಬೇಕು. ರಾಡನ್ನು ಸುಮ್ನೆ ತಕ್ಕಡಿ ಮೇಲೆ ಇಟ್ಟು ತೂಗಿದರೆ ಅರ್ಧ ವಿಷಯ ಮಾತ್ರ ಗೊತ್ತಾಗುತ್ತದೆ. ಮೇಲಿನ ತುದಿ ಪಿಸ್ಟನ್ ಜೊತೆ ಮೇಲೆ ಕೆಳಗೆ ಓಡುತ್ತದೆ, ಕೆಳಗಿನ ತುದಿ ಕ್ರ್ಯಾಂಕ್ ಜೊತೆ ತಿರುಗುತ್ತದೆ. ಎರಡನ್ನೂ ಬೇರೆ ಬೇರೆ ತೂಗಬೇಕು. ಒಂದು ತುದಿಯನ್ನು ಬೇರಿಂಗ್ ಮೇಲೆ ನೇತುಹಾಕಿ, ಇನ್ನೊಂದು ತುದಿಯನ್ನು ತಕ್ಕಡಿ ಮೇಲೆ ಇಟ್ಟು, ರಾಡು ನೀರುಮಟ್ಟದಲ್ಲಿ ಇರುವಂತೆ ನೋಡಿಕೊಳ್ಳಬೇಕು. ಉಸ್ತಾದ್ ಒಂದು ಕಬ್ಬಿಣದ ಪಟ್ಟಿಗೆ ಹಳೇ ಫ್ಯಾನಿನ ಬೇರಿಂಗ್ ಬೆಸೆದು ಅದನ್ನು ಮಾಡಿದರು. ತಕ್ಕಡಿ ನಮ್ಮ ಮಿಲ್ಲಿನದೇ. ತೊಗರಿ ಸ್ಯಾಂಪಲಿನಲ್ಲಿ ಎಷ್ಟು ಒಡೆದ ಕಾಳು, ಎಷ್ಟು ಕಸ ಅಂತ ಬೇರ್ಪಡಿಸಿ ತೂಗುವ ತಕ್ಕಡಿ, ಗ್ರಾಂನ ಹತ್ತನೇ ಒಂದು ಭಾಗದವರೆಗೆ ತೋರಿಸುತ್ತದೆ. ಫ್ಯಾನ್ ಆಫ್ ಮಾಡಿ, ಬಾಗಿಲು ಹಾಕಿ ತೂಗಬೇಕು, ಇಲ್ಲದಿದ್ದರೆ ಕೊನೆಯ ಅಂಕಿ ನಿಲ್ಲುವುದೇ ಇಲ್ಲ. ಪ್ರತಿ ರಾಡನ್ನೂ ಎತ್ತಿ ಮತ್ತೆ ಇಟ್ಟು ತೂಗಿದೆ. ಎರಡು ಸಲ ಒಂದೇ ಅಂಕಿ ಬರದಿದ್ದರೆ ಬೇರಿಂಗಿಗೆ ಒಂದು ಹನಿ ಎಣ್ಣೆ.

ಕಂಪನಿ ರಾಡು ಒಟ್ಟು 430 ಗ್ರಾಂ, ಅದರಲ್ಲಿ ಮೇಲಿನ ತುದಿ 130. ಹೊಸದು 372, ಮೇಲಿನ ತುದಿ 110. ನಾಲ್ಕೂ ರಾಡುಗಳ ನಡುವಿನ ವ್ಯತ್ಯಾಸ ಒಂದು ಗ್ರಾಂ ಒಳಗೇ ಇತ್ತು, ಮಾಡಿದವರಿಗೆ ಸಲಾಂ. ಪಿಸ್ಟನ್ನುಗಳಲ್ಲಿ ಒಂದು ಮಾತ್ರ ಒಂದೂವರೆ ಗ್ರಾಂ ಜಾಸ್ತಿ. ಅದರ ಒಳಗಡೆ, ಪಿನ್ ಆಧಾರದ ಕೆಳ ಅಂಚಿನಲ್ಲಿ ಸ್ವಲ್ಪ ಸ್ವಲ್ಪ ಅರೆದು ಸರಿ ಮಾಡಿದೆ. ಅದಕ್ಕೂ ಮೊದಲು ಗಜನ್ ಪಿನ್ನುಗಳನ್ನು ಅದಲುಬದಲು ಮಾಡಿ ನೋಡಿ. ಹಗುರ ಪಿನ್ನು ಭಾರದ ಪಿಸ್ಟನ್ನಿಗೆ ಹೋದರೆ ಎಷ್ಟೋ ಸಲ ಅರೆಯುವ ಕೆಲಸವೇ ಬರುವುದಿಲ್ಲ.

ನಾಲ್ಕು ಸಿಲಿಂಡರಿನ ಸಾಲು ಎಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ. ಮೊದಲ ಹಂತದ ನಡುಕ ಒಂದನ್ನೊಂದು ಹೊಡೆದುಹಾಕುತ್ತದೆ. ಎರಡನೇ ಹಂತದ್ದು ಹಾಗಲ್ಲ, ನಾಲ್ಕೂ ಸೇರಿ ಒಂದೇ ಕಡೆ ತಳ್ಳುತ್ತವೆ, ಒಂದು ಸುತ್ತಿಗೆ ಎರಡು ಸಲ. ಸ್ಟ್ರೋಕ್ ಹೆಚ್ಚಿದರೆ ಇದು ಹೆಚ್ಚುತ್ತದೆ, ತೂಕ ಇಳಿದರೆ ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಮೊದಲಿಗಿಂತ ಶೇ 10ರಷ್ಟು ಕಮ್ಮಿ. ಕೂತು ನೋಡಿದವರು ಎಂಜಿನ್ ನುಣ್ಣಗಾಗಿದೆ ಅನ್ನುತ್ತಾರೆ. ಹೊಸ ಮೌಂಟಿಂಗ್ ರಬ್ಬರಿಗೂ ಅದರಲ್ಲಿ ಪಾಲಿದೆ ಅನ್ನಿ.

ಕ್ರ್ಯಾಂಕ್ ಅರೆಯುವ ಕೆಲಸದಲ್ಲೇ ನನಗೆ ಸಿಟ್ಟು ಬಂದದ್ದು. ಒಂದು ಕಡೆ ಕೊಟ್ಟೆ, ಊರು ಹೆಸರು ಬೇಡ. ಪಿನ್ ಅಳತೆ 38 ಕರಾರುವಾಕ್ಕಾಗಿ ಬಂದಿತ್ತು, ಹೊಳೆಯುತ್ತಿತ್ತು. ಪಿನ್ನು ಪಕ್ಕದ ಗೋಡೆಗೆ ಸೇರುವ ಮೂಲೆ ಮಾತ್ರ ಚೌಕಾಕಾರ. ಅಲ್ಲಿ ದುಂಡಗಿನ ತಿರುವು ಇರಲೇಬೇಕು, ಕನಿಷ್ಠ 2 ಮಿಮೀ ಅಂತ ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಚೂಪು ಮೂಲೆಯಲ್ಲಿ ಬಿರುಕು ಹುಟ್ಟುತ್ತದೆ, ಓವರ್‌ಲ್ಯಾಪ್ ಕಮ್ಮಿ ಇರುವ ಕ್ರ್ಯಾಂಕಿನಲ್ಲಂತೂ ಕಾಯುವುದೇ ಇಲ್ಲ. "ಬೇರಿಂಗ್ ಕೂರತದಲ್ರಿ, ಮತ್ತೇನು?" ಅಂದರು. ಆ ಕ್ರ್ಯಾಂಕ್ ಈಗ ಶೆಡ್ಡಿನಲ್ಲಿ ಬಾಗಿಲಿಗೆ ಅಡ್ಡ ಇಡುವ ಕಬ್ಬಿಣ. ಗುಜರಿಯಿಂದ ಇನ್ನೊಂದು ತಂದು, ಬಿರುಕಿನ ಪರೀಕ್ಷೆ ಮಾಡಿಸಿ, ಸೊಲ್ಲಾಪುರದಲ್ಲಿ ಕೆಲಸ ಗೊತ್ತಿರುವವರ ಕೈಯಲ್ಲಿ ಅರೆಸಿದೆ. ಆಮೇಲೆ ನೈಟ್ರೈಡಿಂಗ್. 500 ಡಿಗ್ರಿ ಮೀರಿದ ಶಾಖದಲ್ಲಿ ಗಂಟೆಗಟ್ಟಲೆ ಇಡುತ್ತಾರೆ, ಮೇಲ್ಮೈ ಗಟ್ಟಿಯಾಗುತ್ತದೆ. ಹಾಗೆ ಬಿಸಿಯಾದ ಕ್ರ್ಯಾಂಕ್ ಕೂದಲೆಳೆಯಷ್ಟು ಬಾಗಿ ಬರುವುದುಂಟು. ವಿ ಬ್ಲಾಕ್ ಮೇಲಿಟ್ಟು ಡಯಲ್ ಹಚ್ಚಿ ತಿರುಗಿಸಿ ನೋಡದೆ ಯಾರೂ ಕೂರಿಸಬೇಡಿ.

ಕಂಪ್ರೆಷನ್ ವಿಷಯದಲ್ಲಿ ಆಸೆ ಪಡಬಾರದು. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ಮಾಮೂಲು, ಗಣಿಯ ತಳದಲ್ಲಿ ಕಲ್ಲು ಕಾದು ಇನ್ನೂ ಜಾಸ್ತಿ. ಸಿಲಿಂಡರಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಅದುಮುತ್ತದೆ ಅನ್ನುವ ಅನುಪಾತ ಅದು. ಹಳೆಯದು 9ರ ಆಸುಪಾಸು. ಒಂದು ಸಿಲಿಂಡರ್ 325 ಸಿಸಿಯಿಂದ 347ಕ್ಕೆ ಏರಿದಾಗ, ತಲೆಯಲ್ಲಿ ಉಳಿಯುವ ಜಾಗ ಅಷ್ಟೇ ಇದ್ದರೂ ಅನುಪಾತ ತಾನಾಗಿ 9.5ಕ್ಕೆ ಏರುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಪಿಸ್ಟನ್ ತಲೆಯ ತಗ್ಗನ್ನು ಅದೇ ಲೆಕ್ಕಕ್ಕೆ ಮಾಡಿಸಿದೆ, ಹೆಡ್ಡಿನ ಗುಂಡಿಗಳನ್ನು ಬ್ಯೂರೆಟ್ಟಿನಲ್ಲಿ ಎಣ್ಣೆ ಬಿಟ್ಟು ಅಳೆದು ನೋಡಿದೆ. 10 ದಾಟಿಸಿ ಅನ್ನುವವರಿದ್ದರು. ಬಿಸಿಲಿನಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿ ಸಿಡಿಯುವುದು) ಶುರುವಾದರೆ ಹಗುರ ಪಿಸ್ಟನ್ನಿನ ರಿಂಗ್ ಗೋಡೆ ಮೊದಲು ಮುರಿಯುತ್ತದೆ.

ಪೆಟ್ರೋಲಿನದೂ ಒಂದು ಲೆಕ್ಕ. ಈಗ ಬಂಕಿನಲ್ಲಿ ಬರುವುದು ಶೇ 20 ಎಥನಾಲ್. ಎಥನಾಲಿಗೆ ಗಾಳಿ ಕಮ್ಮಿ ಸಾಕು, ಅಂದರೆ ಅದೇ ಗಾಳಿಗೆ ಜಾಸ್ತಿ ಇಂಧನ ಬೇಕು. ಮೇಲೆ ಎಂಜಿನ್ನೂ ದೊಡ್ಡದಾಗಿದೆ. ಪೂರ್ತಿ ತುಳಿದಾಗ ಮಿಶ್ರಣ ತೆಳುವಾಗುತ್ತಿತ್ತು. ಹೊಂದಿಸಬಹುದಾದ ಪ್ರೆಶರ್ ರೆಗ್ಯುಲೇಟರ್ ಹಾಕಿ, ಮಿಶ್ರಣ ತೋರಿಸುವ ವೈಡ್‌ಬ್ಯಾಂಡ್ ಮೀಟರ್ ನೋಡಿಕೊಂಡು ಏರಿಸಿದೆ. ಇಂಜೆಕ್ಟರಿನಿಂದ ಶೇ 7 ಹೆಚ್ಚು ಪೆಟ್ರೋಲ್ ಬೇಕಾದರೆ ಒತ್ತಡ ಶೇ 14 ಏರಿಸಬೇಕು, ಅಲ್ಲೂ ವರ್ಗದ ಲೆಕ್ಕವೇ.

ಜೋಡಿಸುವಾಗ ಎರಡು ಕಡೆ ಆತುರ ಮಾಡಲಿಲ್ಲ. ಒಂದು, ವಾಲ್ವು ಮತ್ತು ಪಿಸ್ಟನ್ ನಡುವಿನ ಜಾಗ. ಮಕ್ಕಳು ಆಡುವ ಕ್ಲೇ ತಂದು, ಪಿಸ್ಟನ್ ತಲೆಯ ವಾಲ್ವ್ ಗುಂಡಿಯಲ್ಲಿ ಒತ್ತಿ, ಮೇಲೆ ಸ್ವಲ್ಪ ಎಣ್ಣೆ ಸವರಿ, ಹೆಡ್ಡು ಬೆಲ್ಟು ಕಟ್ಟಿ, ಕೈಯಿಂದ ಎರಡು ಸುತ್ತು ತಿರುಗಿಸಿದೆ. ಬಿಚ್ಚಿದರೆ ವಾಲ್ವಿನ ಅಚ್ಚು ಅದರಲ್ಲಿ ಬಿದ್ದಿರುತ್ತದೆ. ಬ್ಲೇಡಿನಲ್ಲಿ ನಡುವೆ ಕೊಯ್ದು, ತೆಳುವಾದ ಜಾಗವನ್ನು ವರ್ನಿಯರ್‌ನಲ್ಲಿ ಅಳೆಯಬೇಕು. ಇನ್‌ಟೇಕ್ ಕಡೆ 2 ಮಿಮೀ ಚಿಲ್ಲರೆ, ಎಕ್ಸಾಸ್ಟ್ ಕಡೆ ಎರಡೂವರೆ. ಸಾಕು. ಎರಡು, ರಾಡ್ ಬೋಲ್ಟು. ಟಾರ್ಕ್ ಸ್ಪ್ಯಾನರ್ ಕ್ಲಿಕ್ ಅಂದರೆ ಮುಗಿಯಿತು ಅಂತ ನಂಬಬೇಡಿ. ನಾವು ತಿರುಗಿಸುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಬೋಲ್ಟನ್ನು ಎಳೆಯುತ್ತದೆ, ಉಳಿದದ್ದೆಲ್ಲ ಥ್ರೆಡ್ಡಿನ ಮತ್ತು ತಲೆಯ ಕೆಳಗಿನ ತಿಕ್ಕಾಟಕ್ಕೇ ಹೋಗುತ್ತದೆ. ಬಿಗಿಯುವ ಮೊದಲು ಬೋಲ್ಟಿನ ಉದ್ದ ಅಳೆದು, ಬಿಗಿದ ಮೇಲೆ ಎಷ್ಟು ಹಿಗ್ಗಿತು ಅಂತ ನೋಡಿದರೆ ನಿಜ ಗೊತ್ತಾಗುತ್ತದೆ. ಎಂಟೂ ಬೋಲ್ಟಿನ ಅಳತೆ ಮಿಲ್ಲಿನ ಜಮಾಖರ್ಚು ಪುಸ್ತಕದ ಕೊನೆ ಪುಟದಲ್ಲಿ ಬರೆದಿಟ್ಟಿದ್ದೇನೆ. ಮುಂದೆ ಬಿಚ್ಚಿದಾಗ ಯಾವುದಾದರೂ ಮೊದಲಿನ ಉದ್ದಕ್ಕೆ ವಾಪಸ್ ಬರದಿದ್ದರೆ ಅದು ಕಸದ ಬುಟ್ಟಿಗೆ.

ಉಳಿದದ್ದು ಮಾಮೂಲು. ಮೇಲಿನ ರಿಂಗಿನ ಬಾಯಿ 0.30 ಮಿಮೀ, ಬೇರಿಂಗ್ ಅಂತರ ಪ್ಲಾಸ್ಟಿಗೇಜ್‌ನಲ್ಲಿ ನೋಡಿದ್ದು, ಹೊಸ ಆಯಿಲ್ ಪಂಪ್. ಮೊದಲ ಎಣ್ಣೆ ಸಾದಾ ಮಿನರಲ್, ಬೇಗ ಬದಲಿಸಿದೆ.

ಫ್ಲೈವೀಲ್ ಯಾಕೆ ಹಗುರ ಮಾಡಲಿಲ್ಲ ಅಂತ ಉಸ್ತಾದ್ ಕೇಳಿದರು. "ಎಲ್ಲಾ ಹಗುರ ಮಾಡಿದ್ರಿ, ಅದನ್ನ್ಯಾಕ ಬಿಟ್ರಿ?" ನಿಜ, ನೋಡುವವರಿಗೆ ಇದು ವಿಚಿತ್ರ. ಪಿಸ್ಟನ್ ಒಂದು ಸುತ್ತಿಗೆ ಎರಡು ಸಲ ನಿಂತು ಮತ್ತೆ ಹೊರಡಬೇಕು, ಅದರ ಪ್ರತಿ ಗ್ರಾಂ ರಾಡಿಗೂ ಕ್ರ್ಯಾಂಕಿಗೂ ಶಿಕ್ಷೆ. ಫ್ಲೈವೀಲ್ ಒಂದೇ ದಿಕ್ಕಿಗೆ ತಿರುಗುತ್ತಾ ಇರುತ್ತದೆ, ಅದರ ತೂಕ ರಾಡನ್ನು ಎಳೆಯುವುದಿಲ್ಲ. ಏರಿನಲ್ಲಿ ನಿಧಾನ ಹತ್ತುವಾಗ ಎಂಜಿನ್ ಬಂದ್ ಆಗದ ಹಾಗೆ ನೋಡಿಕೊಳ್ಳುವುದೇ ಅದು. ಚೂರು ಜಾರಿ ಭಾರ ಹೋದಾಗ ಆರ್‌ಪಿಎಂ ಹಾರುವುದನ್ನೂ ಭಾರದ ಫ್ಲೈವೀಲೇ ತಡೆಯುತ್ತದೆ. ರೇಸಿಗೆ ಹೋಗುವವರು ಹಗುರ ಮಾಡಲಿ, ಅವರಿಗೆ ಗೇರ್ ಬದಲಿಸಿದ ತಕ್ಷಣ ಆರ್‌ಪಿಎಂ ಏರಬೇಕು. ನನಗೆ ಏರಬಾರದು.

ಲಿಮಿಟರನ್ನು ಮೊದಲಿದ್ದಲ್ಲೇ ಬಿಟ್ಟಿದ್ದೇನೆ. ಲೆಕ್ಕದ ಪ್ರಕಾರ ಎಳೆತ ಕಮ್ಮಿಯಾಗಿದೆ, ಇನ್ನೂ ನಾನೂರು ಆರ್‌ಪಿಎಂ ಮೇಲೆ ಹೋಗಬಹುದು. ಆದರೆ ಆ ಉಳಿತಾಯ 1.75 ಮಿಮೀ ಓವರ್‌ಲ್ಯಾಪಿನ ಹೆಸರಲ್ಲಿ ಜಮಾ ಆಗಿದೆ, ಅದನ್ನು ಖರ್ಚು ಮಾಡುವ ಹಾಗಿಲ್ಲ.

ಗಣಿಯಲ್ಲಿ ಈಗ ವ್ಯತ್ಯಾಸ ಗೊತ್ತಾಗುವುದು ಲೋ ರೇಂಜಿನ ಎರಡನೇ ಗೇರಿನಲ್ಲಿ. ಮೊದಲು ಒಂದನೇ ಗೇರ್ ಹಾಕಿ ಚೀರಿಸುತ್ತಾ ಹತ್ತುತ್ತಿದ್ದ ಏರನ್ನು ಎರಡನೇ ಗೇರಿನಲ್ಲಿ, ಎರಡೂವರೆ ಸಾವಿರ ಆರ್‌ಪಿಎಂನಲ್ಲಿ ಹತ್ತುತ್ತದೆ. ಚಕ್ರ ಜಾರುವುದು ಪೂರ್ತಿ ನಿಂತಿಲ್ಲ, ಫರ್ಸಿ ಚೂರಿನ ಮೇಲೆ ಅದು ನಿಲ್ಲುವುದೂ ಇಲ್ಲ. ಜಾರಿದಾಗ ಎಂಜಿನ್ ಲಿಮಿಟರಿಗೆ ಬಡಿದು ವಾಪಸ್ ಬರುತ್ತದೆ, ನಾನು ಮೊದಲಿನಷ್ಟು ಬೆಚ್ಚಿಬೀಳುವುದಿಲ್ಲ. ಎಣ್ಣೆ ಫಿಲ್ಟರನ್ನು ಪ್ರತಿ ಸಲ ಕತ್ತರಿಸಿ, ಒಳಗಿನ ಕಾಗದ ಬಿಡಿಸಿ, ಅಯಸ್ಕಾಂತ ಆಡಿಸಿ ನೋಡುತ್ತೇನೆ. ಇದುವರೆಗೆ ಹೊಸ ರಿಂಗಿನ ನುಣುಪು ಪುಡಿ ಬಿಟ್ಟರೆ ಬೇರೇನೂ ಇಲ್ಲ.

ಇನ್ನು ಉಳಿದಿರುವ ತಲೆನೋವು ಗಾಳಿ. ಒಣ ಫರ್ಸಿಯ ಪುಡಿ ಹಿಟ್ಟಿನಷ್ಟು ಸಣ್ಣ, ಕಂಪನಿ ಪೇಪರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎಣ್ಣೆ ಸವರಿದ ಫೋಮ್ ಫಿಲ್ಟರನ್ನು ಮುಂದೆ ಇಟ್ಟು, ಅದರ ಹಿಂದೆ ಪೇಪರ್ ಇಡುವ ಡಬ್ಬಿಯನ್ನು ಉಸ್ತಾದ್ ಕೈಯಲ್ಲಿ ತಗಡಿನಲ್ಲಿ ಮಾಡಿಸುತ್ತಿದ್ದೇನೆ. ಈ ಸಲ ಅವರು ಬೇಡ ಅನ್ನಿಸಿಕೊಳ್ಳಲಿಲ್ಲ, ಅಳತೆ ತೆಗೆದುಕೊಂಡು ಹೋಗಿದ್ದಾರೆ. ತೊಗರಿ ಸುಗ್ಗಿ ಶುರುವಾಗಿ ಮಿಲ್ಲಿಗೆ ಮಾಲು ಬರುವ ಮೊದಲು ಕೊಡಿ ಅಂತ ಹೇಳಿದ್ದೇನೆ. ಆಮೇಲೆ ತಕ್ಕಡಿಯೂ ಖಾಲಿ ಇರುವುದಿಲ್ಲ, ನಾನೂ ಖಾಲಿ ಇರುವುದಿಲ್ಲ.